ಮೊಳೆಯದ ಬೀಜವೆಲ್ಲವೂ ಸತ್ತ ಬೀಜವಲ್ಲ

ಹೋಟೆಲಿನ ಅಡಿಗೆಮನೆಯಲ್ಲಿ ದುಡಿಯುವ ನಮ್ಮ ಬಾಂಧವರಿಗೆ ಈ ಅನುಭವ ಹೊಸದೇನಲ್ಲ. ರಾತ್ರಿ ಮಲಗುವ ಮುನ್ನ ಹೆಸರುಕಾಳನ್ನೋ ಮಡಿಕೆಕಾಳನ್ನೋ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ, ಮರುದಿನದ ಉಸಳಿಗೆ ಬೇಕಾದ ಮೊಳಕೆ ಸಿದ್ಧವಾಗಿರುತ್ತದೆ. ಆದರೆ ಅಷ್ಟು ಕಾಳಿನ ನಡುವೆ ಎಲ್ಲೋ ನಾಲ್ಕಾರು ಮಾತ್ರ ನೀರನ್ನು ಕುಡಿಯದೆ, ಉಬ್ಬದೆ, ಕಲ್ಲಿನ ಹರಳಿನಂತೆ ಉಳಿದುಬಿಡುತ್ತವೆ. ಗಿರಾಕಿಯ ಹಲ್ಲಿಗೆ ಅಂಥದೊಂದು ಸಿಕ್ಕಿದರೆ ದೂರು ಗಲ್ಲಾಪೆಟ್ಟಿಗೆಯವರೆಗೆ ಬರುತ್ತದೆ. ನಾವು ಕಾಳು ಮಾರಿದ ಅಂಗಡಿಯವನನ್ನು ಬೈಯುತ್ತೇವೆ. ವಾಸ್ತವದಲ್ಲಿ ಆ ಕಾಳಿಗೆ ಯಾವ ರೋಗವೂ ಇಲ್ಲ. ಅದು ಸತ್ತೂ ಇಲ್ಲ. ನೀರು ಒಳಹೋಗದಂತೆ ತನ್ನ ಸಿಪ್ಪೆಯನ್ನು ಬಿಗಿದುಕೊಂಡು ಅದು ಮಲಗಿದೆ, ಅಷ್ಟೆ.

ಬೀಜದ ಈ ನಿದ್ರೆಗೆ ಶಾಸ್ತ್ರಜ್ಞರು ಸುಪ್ತಾವಸ್ಥೆಯೆಂದು ಹೆಸರಿಟ್ಟಿದ್ದಾರೆ. ಮನುಷ್ಯನು ಸಾವಿರಾರು ವರ್ಷಗಳಿಂದ ಬಿತ್ತಿ ಬೆಳೆದ ಧಾನ್ಯಗಳಲ್ಲಿ ಇದು ಬಹುಮಟ್ಟಿಗೆ ಅಳಿದುಹೋಗಿದೆ. ಬಿತ್ತಿದ ಕೂಡಲೇ ಮೊಳೆತ ಗಿಡದ ಕಾಳನ್ನೇ ಅವನು ಕೊಯ್ದು ಮರುವರ್ಷದ ಬೀಜಕ್ಕೆಂದು ಇಟ್ಟುಕೊಂಡನು. ಮಲಗಿದ್ದುದು ಹಿಂದೆಯೇ ಉಳಿಯಿತು. ಮೇವಿನ ಹುಲ್ಲಿನ ಕಥೆ ಹಾಗಲ್ಲ. ದನ ಮೇಯುವ ಹುಲ್ಲನ್ನು ಮನುಷ್ಯನು ಬೀಜ ಕೊಂಡು ಬಿತ್ತಲು ತೊಡಗಿದ್ದು ಧಾನ್ಯಗಳ ಇತಿಹಾಸದ ಮುಂದೆ ನಿನ್ನೆ ಮೊನ್ನೆಯ ಮಾತು. ಗಿನಿ ಹುಲ್ಲು, ಅಂಜನ್ ಹುಲ್ಲು, ಸಿಗ್ನಲ್ ಹುಲ್ಲು ಮೊದಲಾದ, ಬಿಸಿಲಿನ ಕಾವಿನಲ್ಲಿ ಹುಲುಸಾಗಿ ಬೆಳೆಯುವ ಹುಲ್ಲುಗಳು ಸ್ವಭಾವದಲ್ಲಿ ಇಂದಿಗೂ ಕಾಡಿನವೇ. ಅವುಗಳ ಹೊಸ ಬೀಜವನ್ನು ತಂದು ಬಿತ್ತಿದವನು ಬಹಳ ಸಲ ಬರಿಯ ಮಣ್ಣನ್ನು ನೋಡುತ್ತ ನಿಲ್ಲಬೇಕಾಗುತ್ತದೆ.

ಪಟ್ಟಣದಲ್ಲಿ ದುಡಿಯುವ ನಮಗೆ ಹುಲ್ಲಿನ ಬೀಜದ ಗೊಡವೆ ಏಕೆಂದು ಕೆಲವರು ಕೇಳಬಹುದು. ಊರಿನಲ್ಲಿ ಹಟ್ಟಿಯೂ ಹಟ್ಟಿಯಲ್ಲಿ ಒಂದೆರಡು ಹಸುಗಳೂ ಇರುವ, ತಿಂಗಳು ತಿಂಗಳೂ ಮನೆಗೆ ಹಣ ಕಳುಹಿಸುವ ವಾಚಕರು ನಮ್ಮಲ್ಲಿ ಕಡಿಮೆಯಿಲ್ಲ. ಅಂಥವರಿಗೆ ಈ ತಿಳಿವಳಿಕೆ ಬೇಕು. ಇದಿಲ್ಲದೆ ನಾನು ಒಮ್ಮೆ ದಂಡ ತೆತ್ತಿದ್ದೇನೆ.

ನಾನು ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದ ಕಾಲವದು. ಊರಿನ ಮನೆ, ಗದ್ದೆ ಮತ್ತು ನಾಲ್ಕು ಹಸುಗಳನ್ನು ತಮ್ಮನು ನೋಡಿಕೊಂಡಿದ್ದನು. ಬೈಹುಲ್ಲಿನ ಬೆಲೆಯೇರಿ ಹಾಲಿನ ಹುಟ್ಟುವಳಿ ಮೇವಿಗೇ ಸಾಲದೆ ಹೋದಾಗ, ಮನೆಯ ಮೇಲ್ಗಡೆಯ ಅರ್ಧ ಎಕರೆಯಲ್ಲಿ ಗಿನಿ ಹುಲ್ಲು ಬೆಳೆಸುವುದೆಂದು ನಿಶ್ಚಯಿಸಿ, ಬೀಜಕ್ಕೆ, ಉಳುಮೆಗೆ, ಬೇಲಿಗೆ ನಾನೇ ಹಣ ಕಳುಹಿಸಿದೆನು. ದೀಪಾವಳಿಯ ಬಳಿಕ ಕೊಯ್ದ ಹೊಸ ಬೀಜವೆಂದು ಮಾರಿದವರು ಹೊಗಳಿ ಕೊಟ್ಟಿದ್ದರು. ಹೊಸದೆಂದರೆ ಒಳ್ಳೆಯದೇ ಇರಬೇಕೆಂದು ನಾವೂ ನಂಬಿದೆವು. ಫೆಬ್ರವರಿಯಲ್ಲಿ ಬಿತ್ತಿ, ಬಾವಿಯ ಪಂಪಿನಿಂದ ದಿನವೂ ನೀರು ಚಿಮುಕಿಸಿದರೂ, ಮೂರು ವಾರ ಕಳೆದ ಮೇಲೆ ಅಲ್ಲೊಂದು ಇಲ್ಲೊಂದು ಎಸಳು ಕಂಡಿತೇ ಹೊರತು ಹುಲ್ಲು ಬರಲಿಲ್ಲ. ಆಳವಾಗಿ ಬಿತ್ತಿದೆ, ನೀರು ಸರಿಯಾಗಿ ಹಾಕಲಿಲ್ಲ, ಬೆವರು ಸುರಿಸಿ ಕಳುಹಿಸಿದ ಹಣವನ್ನು ಮಣ್ಣುಪಾಲು ಮಾಡಿದೆ ಎಂದೆಲ್ಲ ನಾನು ತಮ್ಮನಿಗೆ ಆಡಬಾರದ ಮಾತುಗಳನ್ನು ಆಡಿದೆನು. "ಅಣ್ಣಾ, ನೀನು ಹೇಳಿದ ಹಾಗೆಯೇ ಮಾಡಿದ್ದೇನೆ" ಎಂದಷ್ಟೇ ಅವನು ಹೇಳಿ ಸುಮ್ಮನಾದನು. ಆ ಬೇಸಗೆ ಮುಗಿಯುವುದರೊಳಗೆ ಎರಡು ಹಸುಗಳನ್ನು ಮಾರಬೇಕಾಯಿತು. ನಮ್ಮಿಬ್ಬರೊಳಗೆ ನಾಲ್ಕು ತಿಂಗಳು ಮಾತಿರಲಿಲ್ಲ. ಮುಂದೇನಾಯಿತೆಂಬುದನ್ನು ಲೇಖನದ ಕೊನೆಯಲ್ಲಿ ಹೇಳುತ್ತೇನೆ. ಮೊದಲು ಬೀಜದ ಕಡೆಯ ವಾದವನ್ನು ಕೇಳೋಣ.

ನಿದ್ರೆಯ ಉದ್ದೇಶ

ನಮ್ಮ ನಾಡಿನ ಹುಲ್ಲು ಮಳೆಗಾಲದಲ್ಲಿ ಬೆಳೆದು, ಮಳೆ ಹಿಂದೆಗೆಯುವ ಹೊತ್ತಿಗೆ ಬೀಜ ಉದುರಿಸುತ್ತದೆ. ಮುಂದೆ ಬರುವುದು ಆರೇಳು ತಿಂಗಳ ಒಣಗಾಲ. ಆ ಬೀಜಕ್ಕೆ ನಿದ್ರೆಯಿಲ್ಲದಿದ್ದರೆ ಏನಾಗುತ್ತಿತ್ತು? ನವೆಂಬರಿನಲ್ಲಿ ಅಕಾಲದ ಒಂದು ಮಳೆ ಬಂದರೆ ಸಾಕು, ಎಲ್ಲ ಬೀಜಗಳೂ ಒಮ್ಮೆಗೇ ಮೊಳೆತು, ಮುಂದಿನ ಬಿಸಿಲಿಗೆ ಸುಟ್ಟು, ಆ ಹುಲ್ಲಿನ ವಂಶವೇ ಅಲ್ಲಿಗೆ ಮುಗಿಯುತ್ತಿತ್ತು. ಆದ್ದರಿಂದ ಅದು ಉದುರುವಾಗಲೇ ಮಲಗಿರುತ್ತದೆ. ಒಣಗಾಲದ ಕಾವಿನಲ್ಲಿ ತಿಂಗಳುಗಟ್ಟಲೆ ಬಿದ್ದಿರುವಾಗ ಅದರೊಳಗೆ ಮೆಲ್ಲಮೆಲ್ಲನೆ ಒಂದು ಬದಲಾವಣೆ ನಡೆದು, ಜೂನಿನ ಮಳೆಯ ಹೊತ್ತಿಗೆ ನಿದ್ರೆ ತಿಳಿಯಾಗುತ್ತದೆ. ಗಿಡದ ಮೇಲೆ ಮಾಗಿದ ಬೀಜವು ನೆಲದ ಮೇಲೆ ಇನ್ನೊಮ್ಮೆ ಮಾಗುತ್ತದೆಯೆಂದು ಇದನ್ನು ತಿಳಿಯಬಹುದು.

ಅಮೆರಿಕದ ಹುಲ್ಲುಗಾವಲುಗಳಲ್ಲಿ ಇದೇ ತತ್ತ್ವವು ಬೇರೊಂದು ವೇಷದಲ್ಲಿ ಕಾಣಿಸುತ್ತದೆ. ಅಲ್ಲಿನ ವಿಶಾಲ ಬಯಲುಗಳನ್ನು ರೈತರು ಉತ್ತು ಗೋಧಿ ಬಿತ್ತಿದ್ದರು. 1930ರ ದಶಕದಲ್ಲಿ ಮಳೆ ಕೈಕೊಟ್ಟಾಗ, ಹುಲ್ಲಿನ ಬೇರಿನ ಹಿಡಿತವಿಲ್ಲದ ಮಣ್ಣು ಗಾಳಿಗೆ ಎದ್ದು ಊರೂರುಗಳನ್ನು ಮುಚ್ಚಿತು. 1935ರ ಏಪ್ರಿಲ್ 14ರ ಭಾನುವಾರ ಬೀಸಿದ ಧೂಳಿನ ಬಿರುಗಾಳಿಗೆ ಹಗಲೇ ಕತ್ತಲಾಗಿ, ಆ ದಿನಕ್ಕೆ ಕರಿಯ ಭಾನುವಾರವೆಂದೇ ಹೆಸರಾಯಿತು. ಅದೇ ವರ್ಷ ಅಲ್ಲಿನ ಸರಕಾರವು ಮಣ್ಣಿನ ರಕ್ಷಣೆಗೆ ಒಂದು ಪ್ರತ್ಯೇಕ ಇಲಾಖೆಯನ್ನು ನಿರ್ಮಿಸಿತು. ಉತ್ತ ನೆಲಕ್ಕೆ ಮರಳಿ ಹುಲ್ಲು ಹೊದಿಸುವ ಕೆಲಸ ತೊಡಗಿದಾಗ, ಕಾಡುಹುಲ್ಲಿನ ಬೀಜ ಕರೆದ ಕೂಡಲೇ ಎದ್ದುಬರುವುದಿಲ್ಲವೆಂಬುದು ಬಿತ್ತುವವರ ಮುಂದಿನ ದೊಡ್ಡ ತೊಡಕುಗಳಲ್ಲೊಂದಾಯಿತು.

ಆ ಬಯಲಿನಲ್ಲಿ ಸ್ವಿಚ್‌ಗ್ರಾಸ್ ಎಂಬ ಎತ್ತರದ ಹುಲ್ಲೊಂದುಂಟು. ಬೆಳೆಯಲು ಅದಕ್ಕೆ ಬೇಸಗೆಯ ಕಾವು ಬೇಕು. ಆದರೆ ನಿದ್ರೆಯಿಂದ ಏಳಲು ಚಳಿ ಬೇಕು. ಮೇಲುನೋಟಕ್ಕೆ ಇದು ವಿಪರೀತವೆನಿಸುತ್ತದೆ. ಆದರೆ ಅದರ ಬೀಜ ಉದುರುವುದು ಹಿಮಗಾಲದ ಹೊಸ್ತಿಲಿನಲ್ಲಿ. ಆಗ ಮೊಳೆತರೆ ಹಿಮಕ್ಕೆ ಸಾಯುವುದು ನಿಶ್ಚಯ. ಆದ್ದರಿಂದ ಒದ್ದೆ ನೆಲದಲ್ಲಿ ವಾರಗಟ್ಟಲೆ ಚಳಿಯನ್ನು ಅನುಭವಿಸಿ, ಹಿಮಗಾಲ ಕಳೆಯಿತೆಂಬ ಸಾಕ್ಷ್ಯ ದೊರೆತ ಮೇಲೆಯೇ ಅದು ಏಳುತ್ತದೆ. ನಮ್ಮ ಹುಲ್ಲಿಗೆ ವೈರಿ ಒಣಗಾಲ. ಅಲ್ಲಿನ ಹುಲ್ಲಿಗೆ ವೈರಿ ಹಿಮಗಾಲ. ಯಾವ ಬೀಜ ಯಾವ ಅಪಾಯವನ್ನು ದಾಟಬೇಕೋ, ಆ ಅಪಾಯವೇ ಅದರ ಬೀಗಕ್ಕೆ ಕೀಲಿಕೈಯಾಗಿದೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ, ನಿದ್ರಾಭಂಗದ ಉಪಾಯಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ಎರಡು ಬೀಗಗಳು

ಹುಲ್ಲಿನ ಬೀಜಕ್ಕೆ ಸಾಮಾನ್ಯವಾಗಿ ಎರಡು ಬೀಗಗಳಿರುತ್ತವೆ. ಮೊದಲನೆಯದು ಹೊರಗಿನದು: ಭತ್ತಕ್ಕೆ ಉಮಿಯಿರುವಂತೆ ಹುಲ್ಲಿನ ಕಾಳನ್ನು ಬಿಗಿಯಾಗಿ ಅಪ್ಪಿಕೊಂಡಿರುವ ಹೊಟ್ಟು. ಪ್ರಾಣವಾಯು ಒಳಕ್ಕೆ ಧಾರಾಳವಾಗಿ ಹೋಗದಂತೆ ಅದು ತಡೆಯುತ್ತದೆ. ಎಳೆಯ ಮೊಳಕೆ ಹೊರಕ್ಕೆ ತಳ್ಳಿಕೊಂಡು ಬರುವುದಕ್ಕೂ ಅಡ್ಡಿಯಾಗುತ್ತದೆ. ಕೆಲವು ಹುಲ್ಲುಗಳಲ್ಲಿ ಮೊಳಕೆಯನ್ನು ತಡೆಹಿಡಿಯುವ ರಾಸಾಯನಿಕಗಳೂ ಅದರಲ್ಲಿರುತ್ತವೆ. ಅಂಜನ್ ಹುಲ್ಲಿನ ಹೊಸ ಬೀಜವನ್ನು ಅದರ ರೋಮದಂಥ ಹೊಟ್ಟಿನಿಂದ ಬಿಡಿಸಿ ಬರಿಯ ಕಾಳನ್ನು ತೇವದಲ್ಲಿಟ್ಟರೆ, ಹೊಟ್ಟಿನೊಂದಿಗಿಟ್ಟ ಬೀಜಕ್ಕಿಂತ ಹೆಚ್ಚು ಮೊಳಕೆಗಳು ಬರುವುದನ್ನು ಕಾಣಬಹುದು.

ಎರಡನೆಯ ಬೀಗವು ಕಾಳಿನೊಳಗಿನ ಜೀವಾಂಕುರದಲ್ಲಿಯೇ ಇದೆ. ಅಲ್ಲಿ ಎರಡು ರಸಗಳ ಹಗ್ಗಜಗ್ಗಾಟ ನಡೆಯುತ್ತಿರುತ್ತದೆ. ಅಬ್ಸಿಸಿಕ್ ಆಮ್ಲವೆಂಬುದು "ಮಲಗು" ಎನ್ನುತ್ತದೆ. ಜಿಬ್ಬರೆಲಿನ್ ಎಂಬುದು "ಏಳು" ಎನ್ನುತ್ತದೆ. ದಿನ ಕಳೆದಂತೆ ಮೊದಲನೆಯದರ ಬಲ ಕುಗ್ಗಿ ಎರಡನೆಯದರ ಕೈ ಮೇಲಾದಾಗ, ಕಾಳಿನ ಹೊರಪದರದಲ್ಲಿ ಕಿಣ್ವಗಳು ಹುಟ್ಟಿ, ಕೂಡಿಟ್ಟ ಪಿಷ್ಟವು ಸಕ್ಕರೆಯಾಗಿ ಮೊಳಕೆಗೆ ಆಹಾರವಾಗುತ್ತದೆ. ಮೊಳಕೆ ಬರಿಸಿದ ರಾಗಿಯ ಹಿಟ್ಟು ನಾಲಗೆಗೆ ಸಿಹಿಯಾಗುವುದು ಇದೇ ಕಾರಣದಿಂದ. ಈ ಜಿಬ್ಬರೆಲಿನ್ನಿನ ಸುಳಿವು ಸಿಕ್ಕಿದ್ದು ಭತ್ತದ ಗದ್ದೆಯಲ್ಲಿ. ಸಸಿಗಳು ಬಡಕಲಾಗಿ, ಎತ್ತರಕ್ಕೆ ಬೆಳೆದು ಬಿದ್ದುಹೋಗುವ ಒಂದು ರೋಗವನ್ನು ಪರೀಕ್ಷಿಸುತ್ತಿದ್ದ ಜಪಾನಿನ ವಿಜ್ಞಾನಿ ಕುರೊಸಾವಾ, ಆ ರೋಗದ ಬೂಷ್ಟು ಸುರಿಸುವ ರಸವೇ ಈ ಅತಿ ಬೆಳವಣಿಗೆಗೆ ಕಾರಣವೆಂದು 1926ರಲ್ಲಿ ತೋರಿಸಿದನು. ರೋಗದಿಂದ ದೊರೆತ ಆ ವಸ್ತು ಇಂದು ಪ್ರಯೋಗಶಾಲೆಗಳಲ್ಲಿ ಮಲಗಿದ ಬೀಜಗಳನ್ನೆಬ್ಬಿಸುವ ಔಷಧವಾಗಿದೆ.

ಕೀಲಿಕೈಗಳು ಹಲವು

ಈ ಬೀಗಗಳನ್ನು ತೆರೆಯಲು ಬಳಕೆಯಲ್ಲಿರುವ ಉಪಾಯಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ.

ಮೊದಲನೆಯದು ಕಾಲ. ಇದಕ್ಕೆ ಖರ್ಚಿಲ್ಲ. ಗಿನಿ ಹುಲ್ಲಿನ ಬೀಜವನ್ನು ಕೊಯ್ದ ಮೇಲೆ ಆರು ತಿಂಗಳಾದರೂ, ಅಂಜನ್ ಮತ್ತು ಸಿಗ್ನಲ್ ಹುಲ್ಲುಗಳನ್ನು ಆರರಿಂದ ಹನ್ನೆರಡು ತಿಂಗಳವರೆಗೂ ಒಣ ಜಾಗದಲ್ಲಿಟ್ಟು ಬಿತ್ತುವುದು ವಿಹಿತ. ಬೆಚ್ಚಗಿನ, ತೇವವಿಲ್ಲದ ಸ್ಥಳದಲ್ಲಿ ಈ ಎರಡನೆಯ ಮಾಗುವಿಕೆ ಬೇಗ ಸಾಗುತ್ತದೆ. ತೇವ ತಗಲಿದರೆ ಮಾತ್ರ ಬೀಜ ಮಾಗುವ ಬದಲು ಸಾಯುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇದನ್ನು ಮರೆಯತಕ್ಕದ್ದಲ್ಲ. ಹಾಗೆಂದು ವರ್ಷಗಟ್ಟಲೆ ಕೂಡಿಡುವುದೂ ಸಲ್ಲದು. ನಿದ್ರೆ ಕಳೆದ ಬೀಜಕ್ಕೆ ಮುಪ್ಪು ಬರತೊಡಗುತ್ತದೆ.

ಎರಡನೆಯದು ಶೀತ. ಸ್ವಿಚ್‌ಗ್ರಾಸಿನಂಥ ಹುಲ್ಲುಗಳ ಬೀಜವನ್ನು ಒದ್ದೆ ಮಾಡಿ, ಸುಮಾರು 5 ಡಿಗ್ರಿ ಸೆಂಟಿಗ್ರೇಡ್ ಶೀತದಲ್ಲಿ ಎರಡರಿಂದ ನಾಲ್ಕು ವಾರವಿಡುತ್ತಾರೆ. ಇಲ್ಲವೆ ಚಳಿಗಾಲದಲ್ಲಿಯೇ ಬಿತ್ತಿ, ಆ ಕೆಲಸವನ್ನು ಪ್ರಕೃತಿಗೆ ಬಿಡುತ್ತಾರೆ. ಹೀಗೆ ಎಬ್ಬಿಸಿದ ಬೀಜವನ್ನು ಮತ್ತೆ ಒಣಗಿಸಿದರೆ ಅದು ತಿರುಗಿ ಮಲಗುವುದುಂಟು. ಒಂದು ಬಾರಿ ಎದ್ದವನು ಎದ್ದೇ ಇರುತ್ತಾನೆಂಬ ಭರವಸೆ ಬೀಜಗಳ ಲೋಕದಲ್ಲಿಯೂ ಇಲ್ಲ.

ಮೂರನೆಯದು ಉಜ್ಜುವಿಕೆ ಮತ್ತು ಆಮ್ಲ. ಮರಳಿನೊಂದಿಗೋ ಒರಟು ಹಲಗೆಯ ಮೇಲೋ ಹದವಾಗಿ ಉಜ್ಜಿದರೆ ಹೊಟ್ಟಿನ ಬಿಗಿ ಸಡಿಲುತ್ತದೆ. ಬ್ರೆಜಿಲ್ ಮತ್ತು ಆಸ್ಟ್ರೇಲಿಯಾಗಳಲ್ಲಿ ಸಿಗ್ನಲ್ ಹುಲ್ಲಿನ ಜಾತಿಯ ಬೀಜಗಳನ್ನು ಕೆಲವು ನಿಮಿಷ ಗಂಧಕಾಮ್ಲದಲ್ಲಿಟ್ಟು, ಚೆನ್ನಾಗಿ ತೊಳೆದು ಒಣಗಿಸುವ ಪದ್ಧತಿಯಿದೆ. ಇದು ಪಳಗಿದ ಕೈಗಳ ಕೆಲಸ. ಆ ಆಮ್ಲವು ಬೀಜದ ಹೊಟ್ಟನ್ನು ಸುಡುವಂತೆ ಮನುಷ್ಯನ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ವಾಚಕರು ಮನೆಯಲ್ಲಿ ಇದಕ್ಕೆ ಕೈಹಾಕಬಾರದೆಂದು ವಿನಂತಿ.

ನಾಲ್ಕನೆಯದು ಲವಣ. ಪೊಟ್ಯಾಸಿಯಂ ನೈಟ್ರೇಟನ್ನು ಲೀಟರು ನೀರಿಗೆ 2 ಗ್ರಾಂ ಬೆರೆಸಿ, ಆ ನೀರಿನಿಂದ ಬೀಜದ ಹಾಸನ್ನು ತೋಯಿಸುವುದು ಬೀಜಪರೀಕ್ಷಾಲಯಗಳ ರೂಢಿ. ಹಗಲು ಬಿಸಿ, ರಾತ್ರಿ ತಂಪು ಎಂಬಂತೆ ಉಷ್ಣತೆಯನ್ನು ಬದಲಿಸುತ್ತಲೂ ಇರುತ್ತಾರೆ. ಬರಿಯ ನೆಲದ ಮೇಲ್ಪದರದಲ್ಲಿರುವ ಬೀಜಕ್ಕೆ ಹಗಲಿರುಳಿನ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಆಳದಲ್ಲಿ ಹೂತದ್ದಕ್ಕೆ ತಿಳಿಯುವುದಿಲ್ಲ. ಅದಕ್ಕಾಗಿಯೂ, ಕಾಳು ಬಹಳ ಸಣ್ಣದೆಂಬುದಕ್ಕಾಗಿಯೂ, ಹುಲ್ಲಿನ ಬೀಜವನ್ನು ಒಂದು ಸೆಂಟಿಮೀಟರಿಗಿಂತ ಆಳಕ್ಕೆ ಬಿತ್ತಬಾರದು.

ಐದನೆಯದು ಕಾವು ಮತ್ತು ಹೊಗೆ. ಹುಲ್ಲಿನ ಕುಲದವನೇ ಆದ ಭತ್ತದ ಹೊಸ ಬೀಜ ಮಲಗಿದ್ದರೆ, ಅದನ್ನು 50 ಡಿಗ್ರಿ ಒಣ ಶಾಖದಲ್ಲಿ ನಾಲ್ಕೈದು ದಿನವಿಟ್ಟು ಎಬ್ಬಿಸುವ ಕ್ರಮ ಸಂಶೋಧನಾಲಯಗಳಲ್ಲಿ ಪ್ರಸಿದ್ಧವಾಗಿದೆ. ಕಾಡ್ಗಿಚ್ಚಿನ ನಾಡುಗಳಲ್ಲಿ ಕೆಲವು ಬೀಜಗಳು ಹೊಗೆಯ ಸೋಂಕಿನಿಂದಲೇ ಏಳುತ್ತವೆ. ಆ ಹೊಗೆಯೊಳಗೆ ಅಡಗಿರುವ, ಕ್ಯಾರಿಕಿನ್ ಎಂದು ಈಗ ಕರೆಯುವ ವಸ್ತುವನ್ನು 2004ರಲ್ಲಿ ಗುರುತಿಸಲಾಯಿತು.

ಇಲ್ಲೊಂದು ಎಚ್ಚರಿಕೆ ಅವಶ್ಯ. ಸುಬಾಬುಲ್ ಮೊದಲಾದ ದ್ವಿದಳ ಮೇವಿನ ಬೀಜಗಳನ್ನು 80 ಡಿಗ್ರಿ ಬಿಸಿನೀರಿನಲ್ಲಿ ಕೆಲವು ನಿಮಿಷ ಅದ್ದಿ ಬಿತ್ತುವುದುಂಟು. ಅವುಗಳ ಬೀಗವು ನಮ್ಮ ಮಡಿಕೆಕಾಳಿನದರಂತೆ ನೀರು ಹೊಗದ ಸಿಪ್ಪೆ. ಬಿಸಿನೀರು ಆ ಸಿಪ್ಪೆಯನ್ನು ಬಿಡಿಸುತ್ತದೆ. ಅದನ್ನು ನೋಡಿ ಹುಲ್ಲಿನ ಬೀಜಕ್ಕೂ ಬಿಸಿನೀರು ಹೊಯ್ದರೆ ಬೀಜವನ್ನು ಬೇಯಿಸಿದಂತಾದೀತು. ಒಬ್ಬನ ಬೀಗಕ್ಕೆ ಇನ್ನೊಬ್ಬನ ಕೀಲಿಕೈ ಹೊಂದುವುದಿಲ್ಲ.

ನಿದ್ರೆ ಪೂರ್ತಿಯಾಗಿ ಇಲ್ಲದಿರುವುದೂ ಭಾಗ್ಯವಲ್ಲ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು, ಭತ್ತದ ಪೈರು ಒರಗಿ, ತೆನೆಯಲ್ಲೇ ಕಾಳು ಮೊಳೆತು ಹಾಳಾದುದನ್ನು ಕಂಡವರು ನಮ್ಮಲ್ಲಿದ್ದಾರೆ. ಆದ್ದರಿಂದಲೇ ಹೊಸ ತಳಿಗಳನ್ನು ನಿರ್ಮಿಸುವವರು ಕೆಲವು ವಾರಗಳ ಮಿತವಾದ ನಿದ್ರೆಯನ್ನು ಒಂದು ಗುಣವೆಂದೇ ಎಣಿಸುತ್ತಾರೆ.

ದೂರುವ ಮುನ್ನ ಪರೀಕ್ಷೆ

ಬೀಜವನ್ನು ಪರೀಕ್ಷಿಸಿ ಮಾರಬೇಕೆಂಬ ವಿಚಾರ ಹೊಸದಲ್ಲ. ಜರ್ಮನಿಯ ಥರಾಂಟ್ ಎಂಬಲ್ಲಿ ನಾಬ್ಬೆ ಎಂಬ ಪಂಡಿತನು 1869ರಲ್ಲಿಯೇ ಬೀಜಪರೀಕ್ಷಾಲಯವನ್ನು ತೆರೆದನು. 1940ರ ದಶಕದಲ್ಲಿ ಅದೇ ದೇಶದ ಲಾಕೋನ್ ಎಂಬವನು, ಟೆಟ್ರಜೋಲಿಯಂ ಎಂಬ ದ್ರಾವಣದಲ್ಲಿ ನೆನೆಸಿದರೆ ಕಾಳಿನ ಜೀವವಿರುವ ಭಾಗ ಕೆಂಪೇರುವುದೆಂಬ ಪರೀಕ್ಷೆಯನ್ನು ರೂಢಿಗೆ ತಂದನು. ಮಲಗಿದವನಾರು, ಸತ್ತವನಾರು ಎಂಬುದನ್ನು ಒಂದೆರಡು ದಿನಗಳೊಳಗೆ ಹೇಳಬಲ್ಲ ಪರೀಕ್ಷೆಯದು. ನಮ್ಮ ದೇಶದಲ್ಲಿ 1966ರ ಬೀಜ ಕಾಯಿದೆಯಿದೆ. ಅದರ ಪ್ರಕಾರ ಪ್ರಮಾಣಿತ ಬೀಜದ ಚೀಲದ ಚೀಟಿಯಲ್ಲಿ ಮೊಳೆಯುವ ಪ್ರಮಾಣ, ಶುದ್ಧತೆ ಮತ್ತು ಪರೀಕ್ಷೆಯ ದಿನಾಂಕ ಇರುತ್ತವೆ. ಭತ್ತಕ್ಕೆ ನೂರಕ್ಕೆ 80 ಮೊಳೆಯಬೇಕೆಂಬ ನಿಯಮವಿದ್ದರೆ, ಮೇವಿನ ಹುಲ್ಲುಗಳಿಗೆ ಗೊತ್ತುಪಡಿಸಿದ ಪ್ರಮಾಣವು ಅದಕ್ಕಿಂತ ಬಹಳ ಕಡಿಮೆ.

ಲೆಕ್ಕಪತ್ರ ಬರೆಯುವ ನಮ್ಮ ಗುಮಾಸ್ತ ಮಿತ್ರರಿಗೆ ಈ ಗಣಿತ ಸುಲಭ. ಒಂದು ಚೀಲದಲ್ಲಿ ಶುದ್ಧ ಬೀಜ ನೂರಕ್ಕೆ 60, ಅದರಲ್ಲಿ ಮೊಳೆಯುವುದು ನೂರಕ್ಕೆ 30 ಎಂದಿಟ್ಟುಕೊಳ್ಳಿ. ನೀವು ಕೊಂಡ ನೂರು ಪಾಲಿನಲ್ಲಿ ನಿಜವಾಗಿ ಹುಲ್ಲಾಗುವ ಯೋಗ್ಯತೆಯುಳ್ಳದ್ದು 18 ಪಾಲು ಮಾತ್ರ. ಚೀಲದ ಬೆಲೆಯನ್ನು ಕೇಳುವ ಬದಲು ಈ 18ರ ಬೆಲೆಯನ್ನು ಲೆಕ್ಕ ಹಾಕಿ ಕೊಳ್ಳುವವನು ಜಾಣ.

ಚೀಟಿಯಿಲ್ಲದ ಬೀಜವಾದರೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಚೀಲದ ಬೇರೆ ಬೇರೆ ಕಡೆಗಳಿಂದ ನೂರು ಬೀಜಗಳನ್ನು ಎಣಿಸಿ ತೆಗೆದು, ಒದ್ದೆ ಬಟ್ಟೆಯ ಮೇಲೆ ಹರಡಿ, ಇನ್ನೊಂದು ಒದ್ದೆ ಬಟ್ಟೆಯನ್ನು ಹೊದಿಸಿ, ಆರದಂತೆ ನೋಡಿಕೊಳ್ಳಿರಿ. ಗಿನಿ ಹುಲ್ಲಿಗೆ 28 ದಿನ ಕಾಯಬೇಕು. ಆಮೇಲೂ ಮೊಳೆಯದೆ ಉಳಿದವನ್ನು ಉಗುರಿನಿಂದ ಒತ್ತಿ ನೋಡಿರಿ. ಒಳಗೆ ಏನೂ ಇಲ್ಲದಿದ್ದರೆ ಅದು ಜಳ್ಳು. ಮೆತ್ತಗಾಗಿ ಬೂಷ್ಟು ಹಿಡಿದಿದ್ದರೆ ಸತ್ತದ್ದು. ಗಟ್ಟಿಯಾಗಿ, ಒಳಗೆ ಬೆಳ್ಳಗೆ, ನಿರ್ಮಲವಾಗಿದ್ದರೆ ಅದು ಬಹುಶಃ ಮಲಗಿದ್ದು. ಜಳ್ಳಿಗೂ ಸತ್ತದ್ದಕ್ಕೂ ಮಾರಿದವರನ್ನು ಕೇಳುವ ಹಕ್ಕು ನಿಮಗಿದೆ. ಮಲಗಿದ್ದಕ್ಕೆ ಮಾತ್ರ ಕಾಯಬೇಕು.

ಇಷ್ಟು ವ್ಯವಧಾನವಿಲ್ಲದವರು ಬೀಜದ ದಾರಿಯನ್ನೇ ಬಿಟ್ಟು, ಗಿನಿ ಹುಲ್ಲಿನ ಬುಡವನ್ನು ಸೀಳಿ ಬೇರುಸಹಿತ ನೆಡಬಹುದು. ಸಂಕರ ನೇಪಿಯರ್ ಹುಲ್ಲಿಗಂತೂ ಮೊಳೆಯುವ ಬೀಜವೇ ಇಲ್ಲ. ಕಾಂಡದ ತುಂಡುಗಳಿಂದಲೇ ಅದರ ವಂಶ ಬೆಳೆಯುತ್ತದೆ. ಝಾನ್ಸಿಯಲ್ಲಿ 1962ರಲ್ಲಿ ಸ್ಥಾಪಿತವಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವೊಂದು ನಮ್ಮ ಧಾರವಾಡದಲ್ಲಿಯೇ ಇದೆ. ಊರಿಗೆ ಹೋದಾಗ ಮೇವಿನ ವಿಷಯದಲ್ಲಿ ಸಲಹೆ ಬೇಕಾದವರು ಇಂಥ ಕಡೆ ವಿಚಾರಿಸುವುದು ಒಳ್ಳೆಯದು.

ಉಳಿದ ಬೀಜ

ಈಗ ನಮ್ಮ ಮನೆಯ ಕಥೆಯ ಶೇಷಭಾಗ. ಬಿತ್ತಿ ಮಿಕ್ಕಿದ್ದ ಎರಡು ಸೇರಿನಷ್ಟು ಬೀಜವನ್ನು ತಮ್ಮನು ಬಟ್ಟೆಯ ಚೀಲದಲ್ಲಿ ಕಟ್ಟಿ, ಒಲೆಯ ಮೇಲಿನ ಅಟ್ಟಕ್ಕೆ ಎಸೆದಿದ್ದನು. ಬೇಸಗೆಯಿಡೀ ಅದು ಅಲ್ಲಿನ ಒಣ ಬಿಸುಪಿನಲ್ಲಿ ಬಿದ್ದಿತ್ತು. ಜೂನಿನಲ್ಲಿ ಅಟ್ಟ ಗುಡಿಸುವಾಗ ನಮ್ಮ ತಾಯಿಯ ಕೈಗೆ ಆ ಚೀಲ ಸಿಕ್ಕಿ, ಕಸಕ್ಕೆ ಹಾಕಲು ಮನಸ್ಸಾಗದೆ, ಅವರು ಅದನ್ನು ಹಟ್ಟಿಯ ಹಿಂದಿನ ಗೊಬ್ಬರದ ನೆಲದಲ್ಲಿ ಚೆಲ್ಲಿದರು. ಹದಿನೈದು ದಿನಗಳಲ್ಲಿ ನೆಲ ಕಾಣದಂತೆ ಹುಲ್ಲು ಎದ್ದಿತು. ಬೀಜ ಅದೇ, ಮಣ್ಣು ಅದೇ ಊರಿನದು, ಮಳೆಗಾಲದ ನೀರಿನಂತೆ ಪಂಪಿನ ನೀರೂ ನೀರೇ. ಬೇರೆಯಾದದ್ದು ನಡುವಿನ ನಾಲ್ಕು ತಿಂಗಳು ಮಾತ್ರ.

ತಮ್ಮನು ಅಂದು ರಾತ್ರಿ ಫೋನು ಮಾಡಿದನು. "ಅಣ್ಣಾ, ಹಟ್ಟಿಯ ಹಿಂದೆ ಹುಲ್ಲು ಬಂದಿದೆ. ನಾಳೆ ಕೊಯ್ದರೂ ಕೊಯ್ಯಬಹುದು" ಎಂದನು. ನನ್ನ ಮಾತುಗಳನ್ನು ಅವನು ಎತ್ತಿಯೂ ಆಡಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ನಾನು ಏನು ಹೇಳಬೇಕೆಂದು ತೋಚದೆ, ತಾಯಿಯ ಆರೋಗ್ಯ ವಿಚಾರಿಸಿದೆನು. ತಪ್ಪಾಯಿತೆಂಬ ಮಾತನ್ನು ಹೇಳಲು ಊರಿಗೆ ಹೋಗುವವರೆಗೂ ನನಗೆ ಧೈರ್ಯ ಬರಲಿಲ್ಲ. ಮಾರಿದ ಹಸುಗಳು ಮಾತ್ರ ಮರಳಿ ಬರಲಿಲ್ಲ.

ದೂರದಲ್ಲಿದ್ದು ಹಣ ಕಳುಹಿಸುವ ನಮಗೆ, ಹಣ ಮುಟ್ಟಿದೊಡನೆ ಫಲ ಕಾಣಬೇಕೆಂಬ ಆತುರ ಸಹಜ. ಕಾಣದಿದ್ದರೆ ಮಣ್ಣಿನ ಮೇಲಲ್ಲ, ಬೀಜದ ಮೇಲೂ ಅಲ್ಲ, ಅಲ್ಲಿ ಬಿಸಿಲಿನಲ್ಲಿ ನಿಂತ ಮನುಷ್ಯನ ಮೇಲೆ ನಾವು ಸಿಟ್ಟಾಗುತ್ತೇವೆ. ಇನ್ನು ಮುಂದೆ ಊರಿನಿಂದ ಹುಲ್ಲು ಮೊಳೆಯಲಿಲ್ಲವೆಂಬ ಸುದ್ದಿ ಬಂದರೆ, ಬೀಜ ಕೊಯ್ದು ಎಷ್ಟು ತಿಂಗಳಾಯಿತೆಂದು ಮೊದಲು ಕೇಳಿರಿ. ಒದ್ದೆ ಬಟ್ಟೆ ಮತ್ತು ನೂರು ಬೀಜ ಯಾವ ಮನೆಯಲ್ಲಿಯೂ ಸಿಕ್ಕುತ್ತವೆ.